ಕರು ಕೂಗಿದ ಮಧ್ಯಾಹ್ನ

ಡಬ್ಬಿ ಇತ್ತು. ಒಳಗೆ ಟೇಪಿನ ಸ್ಪೂಲ್ ಇರಲಿಲ್ಲ.

ರೇಣುಕಾಪ್ರಸಾದ್ ತಗಡಿನ ಡಬ್ಬಿಯನ್ನು ಮಗುಚಿ ಅಲ್ಲಾಡಿಸಿದರು. ಎರಡು ಹಾಳೆ ಕಾಗದ ನೆಲಕ್ಕೆ ಬಿದ್ದವು, ಅಷ್ಟೇ. ಶನಿವಾರ ಮಧ್ಯಾಹ್ನ ಒಂದು ಗಂಟೆ. ಸೊರಬದ ಅಡಿಕೆ ಮಂಡಿಯಿಂದ ಊಟಕ್ಕೆಂದು ಮನೆಗೆ ಬಂದವರು ಕೈಕಾಲು ತೊಳೆಯುವುದನ್ನೂ ಬಿಟ್ಟು ನಡುಮನೆಯಲ್ಲಿ ನಿಂತುಬಿಟ್ಟಿದ್ದರು.

"ತಿಮ್ಮಮ್ಮಾ! ಟೇಪ್ ಎಲ್ಲಿ?"

"ಡಬ್ಬಿಯಾಗೆ ಐತಲ್ಲ ತಮ್ಮಾ," ಎಂದು ಅಡುಗೆಮನೆಯಿಂದ ಉತ್ತರ ಬಂತು. ತಿಮ್ಮಮ್ಮ ಪ್ರಸಾದರನ್ನು ಎತ್ತಿ ಆಡಿಸಿದವಳು. ಯಜಮಾನರಿಗೆ ಹೆದರುವ ಅಭ್ಯಾಸ ಅವಳಿಗೆ ಇರಲಿಲ್ಲ. "ದಿನಕ್ಕೆ ಮೂರು ಸಲ ತೆಗ್ದು ನೋಡ್ತೀಯ. ಎಲ್ಲಿಗೆ ಹೋಗ್ತದೆ ಅದು?"

"ಹೋಗಿದೆ ಕಣೇ!"

ಮಹಡಿಯಿಂದ ಇಳಿಯುತ್ತಿದ್ದ ತೃಪ್ತಿ ಮೆಟ್ಟಿಲ ಮೇಲೇ ನಿಂತಳು. ಶಿಕಾರಿಪುರದ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುವ ಹುಡುಗಿ ಅವಳು. ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ಅಂಗೈ ಬೆವರುತ್ತಿತ್ತು. "ನೀನು ಪ್ರಶ್ನೆನೇ ಕೇಳಲ್ಲ, ಆದ್ರೂ ಜನ ನಿನ್ನ ಮುಂದೆ ಎಲ್ಲಾ ಹೇಳ್ಕೊಂತಾರಲ್ಲ, ಅದು ಹೆಂಗೇ?" ಎಂದು ಸಂಪಾದಕರು ಬೆರಗಾಗುತ್ತಿದ್ದರು. ತೃಪ್ತಿಗೂ ಗೊತ್ತಿರಲಿಲ್ಲ. ಅವಳು ಸುಮ್ಮನಿರುತ್ತಿದ್ದಳು. ಸುಮ್ಮನಿರುವವರ ಮುಂದೆ ಜನ ಮಾತಾಡಿಯೇ ತೀರುತ್ತಾರೆ.

ಅವಳ ಕಣ್ಣು ಮೊದಲು ಹೋದದ್ದು ಕಿಟಕಿಯ ಪಕ್ಕದ ಆರಾಮಕುರ್ಚಿಯ ಕಡೆಗೆ. ಜಗದಾಂಬಮ್ಮ ಆಗತಾನೆ ನಿದ್ದೆಯಿಂದ ಎದ್ದು, ಕನ್ನಡಕಕ್ಕಾಗಿ ಮಡಿಲು ತಡಕುತ್ತಿದ್ದರು.

"ಏನಾತವಾ? ಯಾಕೆ ಎಲ್ಲಾರೂ ಸುಮ್ಮನಾದ್ರಿ?"

ಪ್ರಸಾದರು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು. ಈ ಸುದ್ದಿಯನ್ನು ಅವರಿಗೆ ಹೇಳುವುದು ಹೇಗೆ ಎಂದು ತೃಪ್ತಿಗೆ ತೋಚಲಿಲ್ಲ. ಕಳುವಾದದ್ದು ಬರೀ ಟೇಪಲ್ಲ. ಆ ಹೆಂಗಸು ಮೂವತ್ತೊಂದು ವರ್ಷದಿಂದ ಕೇಳದ ಅವರದೇ ದನಿ.

* * *

ಜಗದಾಂಬಮ್ಮ ಶಿಕಾರಿಪುರದವರು. ಗಂಡ ಧಾರವಾಡದಲ್ಲಿ ಮೇಷ್ಟ್ರು. ಹಾಗಾಗಿ ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲಿನ ರೇಡಿಯೋ ನಿಲಯದ ಮೆಟ್ಟಿಲು ಹತ್ತಿದರು. ಮುಂದೆ ಹದಿನೈದು ವರ್ಷ ಇಳಿಯಲಿಲ್ಲ. ರಾಣಿಯಾದರು, ರಾಕ್ಷಸಿಯಾದರು. ಮೂವತ್ತೈದರಲ್ಲಿ ಎಂಟು ವರ್ಷದ ಹುಡುಗಿಯಾದರು, ಅದೇ ವಾರ ಎಂಬತ್ತರ ಅಜ್ಜಿಯಾದರು. ಒಮ್ಮೆ ಮಾವನ ಪಾತ್ರದವರು ಬಂದಿರಲಿಲ್ಲವೆಂದು ಆ ಪಾತ್ರವನ್ನೂ ತಾವೇ ಮಾಡಿ, ತಮ್ಮನ್ನು ತಾವೇ ಬೈದುಕೊಂಡು ಅತ್ತರು. ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ "ಒಂದು ಹುಬ್ಬಳ್ಳಿ ಕೊಡಪ್ಪ" ಎಂದರೆ ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತುಬಿಡುತ್ತಿದ್ದ. ಟಿಕೆಟ್ ಕೇಳಿದ್ದು ಹಿಂದಿನ ವಾರದ ರಾಣಿಯ ದನಿ!

ಅವರು ಮಾಡಿದ್ದೆಲ್ಲ ನೇರ ಪ್ರಸಾರ. ಮೈಕಿನ ಮುಂದೆ ಆಡಿದ ಮಾತು ಅದೇ ಕ್ಷಣ ಊರೂರಿನ ರೇಡಿಯೋದಲ್ಲಿ ಕೇಳಿ, ಅಲ್ಲಿಗೇ ಮುಗಿಯುತ್ತಿತ್ತು. ಊರೆಲ್ಲ ಕೇಳಿದ್ದನ್ನು ಅವರೊಬ್ಬರು ಕೇಳಿರಲಿಲ್ಲ. ನಾಟಕದ ಹೊತ್ತಿಗೆ ಅವರು ರೇಡಿಯೋದ ಆ ಕಡೆ ಇರುತ್ತಿದ್ದರಲ್ಲ!

1961ರಲ್ಲಿ ಸೊರಬದ ಅಡಿಕೆ ವ್ಯಾಪಾರಿ ತೋಟಪ್ಪನವರು ಮುಂಬಯಿಯಿಂದ ಸ್ಪೂಲ್ ಟೇಪ್‌ರೆಕಾರ್ಡರ್ ತರಿಸಿದ್ದರು. ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರ, ಅವಕ್ಕೆ ಸುತ್ತಿದ ಕಂದು ಟೇಪು. ಅದನ್ನು ರೇಡಿಯೋ ಮುಂದಿಟ್ಟು ಅವರು ಹಿಡಿದದ್ದು ಒಂದೇ ನಾಟಕ, 'ಕೊಟ್ಟಿಗೆಯ ದೀಪ'. ಜಗದಾಂಬಮ್ಮನದು ಗಂಗವ್ವನ ಪಾತ್ರ. ಚಳವಳಿಯ ಕಾಲದಲ್ಲಿ ವೀರಭದ್ರನೆಂಬ ತರುಣನನ್ನು ಕೊಟ್ಟಿಗೆಯಲ್ಲಿ ಬಚ್ಚಿಡುವ ರೈತ ಹೆಂಗಸಿನ ಕಥೆ. ತೋಟಪ್ಪನವರು ತೀರಿಹೋಗಿ, ಟೇಪು ಅಟ್ಟ ಸೇರಿತ್ತು. ಹದಿನೈದು ದಿನದ ಹಿಂದೆ ಮಗ ರೇಣುಕಾಪ್ರಸಾದರ ಕೈಗೆ ಸಿಕ್ಕಿತು. ಶಿವಮೊಗ್ಗದಲ್ಲಿ ಮೆಷಿನ್ ರಿಪೇರಿ ಮಾಡಿಸಿದರು. ಎರಡೇ ನಿಮಿಷ ಹಾಕಿ ಕೇಳಿ ನಿಲ್ಲಿಸಿದರು. ಹಳೆಯ ಟೇಪು, ತುಂಡಾದರೆ?

ಅದೃಷ್ಟಕ್ಕೆ ಸೊರಬದ ಗೆಳೆಯರ ಬಳಗ ಜಗದಾಂಬಮ್ಮನಿಗೆ ಸನ್ಮಾನ ಇಟ್ಟುಕೊಂಡಿತ್ತು. ಭಾನುವಾರ ಮಧ್ಯಾಹ್ನ ಮೂರಕ್ಕೆ. ಅಲ್ಲೇ ಟೇಪು ಕೇಳಿಸುವುದೆಂದು ತೀರ್ಮಾನವಾಯಿತು. ಶುಕ್ರವಾರವೇ, ಸನ್ಮಾನದ ಸುದ್ದಿ ಬರೆಯಲು ಹೊರಟ ತೃಪ್ತಿಯ ಜೊತೆ ಬಂದಿಳಿದ ಜಗದಾಂಬಮ್ಮನಿಗೆ ಪ್ರಸಾದರು, "ಈಗ್ಲೇ ಸ್ವಲ್ಪ ಕೇಳ್ತೀರಾ?" ಎಂದಿದ್ದರು.

"ಬ್ಯಾಡಪ್ಪ. ರೇಡಿಯೋ ಅಂದ್ರ ಹತ್ತು ಮಂದಿ ಕೂತು ಕೇಳಬೇಕು. ಮೂವತ್ತೊಂದು ವರ್ಷ ಕಾದೀನಿ, ಇನ್ನೊಂದೆರಡು ದಿನ ಏನು?"

ಈಗ ತೃಪ್ತಿಗೆ ಆ ಮಾತು ನೆನಪಾಯಿತು.

* * *

ಹೆಡ್ ಕಾನ್‌ಸ್ಟೇಬಲ್ ಹುಚ್ಚರಾಯಪ್ಪ ಸೈಕಲ್ಲಿನಲ್ಲಿ ಬಂದ. ಊರ ದೇವರ ಹೆಸರು ಹೊತ್ತ ಶಿಕಾರಿಪುರದ ಮನುಷ್ಯ, ಸೊರಬದ ಠಾಣೆಯಲ್ಲಿ ಕೆಲಸ. ಡಬ್ಬಿಯಲ್ಲಿ ಸಿಕ್ಕ ಕಾಗದ ಓದಿ ಅವನ ಮೀಸೆ ನಿಮಿರಿತು. ದಪ್ಪ ಅಕ್ಷರದಲ್ಲಿ, ಯಾರ ಕೈಬರಹವೆಂದು ತಿಳಿಯದಂತೆ ತಿದ್ದಿ ಬರೆದದ್ದು:

'ಸೊರಬದಲ್ಲಿ ಕಲಾವಿದರಿಗೆ ಬರವೇ? ಶಿಕಾರಿಪುರದವರನ್ನು ಕರೆಸಿ ಶಾಲು ಹೊದಿಸುವ ದರ್ದು ಏನು? ಟೇಪನ್ನು ಹುಡುಕಬೇಡಿ, ಸಿಗುವುದಿಲ್ಲ. ಸನ್ಮಾನ ನಿಲ್ಲಿಸಿ. ಇಂತಿ, ಸೊರಬದ ಸ್ವಾಭಿಮಾನಿ.'

"ನೋಡಿದ್ರಾ ಸಾವ್ಕಾರ್ರೆ, ಹೊಟ್ಟೆಕಿಚ್ಚು! ನಮ್ಮೂರ್ನೋರು ಅಂದ್ರೆ ನಿಮ್ಮೂರ್ನೋರಿಗೆ ಆಗಲ್ಲ."

"ಹುಚ್ಚರಾಯಪ್ಪೋರೆ, ಅದೆಲ್ಲ ಆಮೇಲೆ ಮಾರಾಯ್ರೆ. ಮೊದ್ಲು ಟೇಪ್ ಹುಡುಕಿ."

"ಮನೇಲಿ ಯಾರ್ಯಾರಿದ್ರು?"

ಜಗದಾಂಬಮ್ಮ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ತೃಪ್ತಿ ಮಹಡಿಯಲ್ಲಿ ಬರೆಯುತ್ತಿದ್ದಳು. ತಿಮ್ಮಮ್ಮ ಅಡುಗೆಮನೆಯಲ್ಲಿದ್ದಳು.

"ನಾನು ಎಲ್ಲೂ ಹೋಗಿಲ್ಲಪ್ಪ," ಎಂದಳು ತಿಮ್ಮಮ್ಮ. "ಹನ್ನೆರಡೂವರೆಗೆ ಒಂದೇ ಒಂದ್ಸಲ ಹಿತ್ಲಿಗೆ ಹೋದೆ. ಕರು ಕೂಗ್ತು. ಪ್ರಾಣ ಹೋಗೋ ಹಂಗೆ ಕೂಗ್ತು ಮಾರಾಯ. ಹಗ್ಗ ಕುತ್ಗೆಗೆ ಸುತ್ಕೊಂಡಿರಬೇಕು ಅಂತ ಸೌಟು ಬಿಸಾಕಿ ಓಡಿದೆ. ನೋಡಿದ್ರೆ ಹಾಯಾಗಿ ಮಲ್ಗಿತ್ತು. ಮೂತಿಗೆ ಒಂದು ಕೊಟ್ಟು ಬಂದೆ."

"ಪಾಪ, ಕರು ಏನು ಮಾಡಿತ್ತು!" ಎಂದರು ಜಗದಾಂಬಮ್ಮ. ಅವರಿಗೆ ಸುದ್ದಿ ತಿಳಿದಾಗಿತ್ತು. ಅಳಲಿಲ್ಲ. "ಹೋಗಲಿ ಬಿಡ್ರಿ" ಎಂದೊಮ್ಮೆ ಅಂದಿದ್ದರು. ಆ ಎರಡು ಮಾತಿನಲ್ಲಿ ದನಿ ಕೊನೆಗೆ ಬಿರುಕು ಬಿಟ್ಟಿದ್ದನ್ನು ತೃಪ್ತಿ ಗಮನಿಸಿದ್ದಳು.

ತೃಪ್ತಿ ಮೆಲ್ಲಗೆ ಹಿತ್ತಿಲಿಗೆ ಹೋಗಿ ಬಂದಳು. ಕರುವಿನ ಕುತ್ತಿಗೆಯಲ್ಲಿ ಹಗ್ಗವೇ ಇರಲಿಲ್ಲ. ಕಟ್ಟೇ ಇರಲಿಲ್ಲ, ಹಾಲು ಕುಡಿದು ತಾಯಿಯ ಪಕ್ಕದಲ್ಲೇ ಮಲಗಿತ್ತು. ಹೊಟ್ಟೆ ತುಂಬಿದ, ತಾಯಿ ಪಕ್ಕದಲ್ಲಿರುವ ಕರು ಯಾಕೆ ಕೂಗುತ್ತದೆ? ಹಾಗಾದರೆ ಕೂಗಿದ್ದು ಕರುವಲ್ಲ. ತಿಮ್ಮಮ್ಮನನ್ನು ಹಿತ್ತಿಲಿಗೆ ಓಡಿಸಿದ ಯಾರೋ ಮನುಷ್ಯ. ಅಷ್ಟನ್ನು ಅವಳು ಹುಚ್ಚರಾಯಪ್ಪನಿಗೆ ಮೆಲ್ಲಗೆ ಹೇಳಿದಳು.

ಎರಡು ಗಂಟೆಗೆ ಗೆಳೆಯರ ಬಳಗದ ಅಧ್ಯಕ್ಷ ಶಿವಮೂರ್ತಪ್ಪ ಬಂದರು. ಬಸ್‌ಸ್ಟ್ಯಾಂಡ್ ಎದುರಿನ ಜವಳಿ ಅಂಗಡಿಯವರು. ಐವತ್ಮೂರು ವರ್ಷ, ಸಿಲ್ಕ್ ಜುಬ್ಬ, ಗುಂಗುರು ಕೂದಲು, ಗಂಟೆಯಂಥ ಕಂಠ. 'ಕೊಟ್ಟಿಗೆಯ ದೀಪ'ದ ವೀರಭದ್ರ ಇವರೇ ಎಂಬುದು ಸೊರಬದ ಮಕ್ಕಳಿಗೂ ಗೊತ್ತು. ಕಾಲೇಜಿನ ದಿನಗಳಲ್ಲಿ ಧಾರವಾಡದಲ್ಲಿದ್ದು ಆ ನಾಟಕ ಮಾಡಿ ಬಂದವರು.

"ಎಂಥ ಅನ್ಯಾಯ! ಎಂಥ ಘಾತ!" ಎಂದು ಅವರು ಬಾಗಿಲಲ್ಲೇ ಎದೆಗೆ ಕೈಯಿಟ್ಟರು. "ಯಾರೀ ನೀಚ ಕೆಲಸ ಮಾಡಿದವನು?"

ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಮೊದಲ ಹಾಳೆ ಮುಗಿಯಿತು, ಎರಡನೆಯದು ಮುಂದೆ ಬಂತು. ತೃಪ್ತಿಗೆ ಏನೋ ವಿಚಿತ್ರವೆನಿಸಿತು. ಏನೆಂದು ತಿಳಿಯಲಿಲ್ಲ.

"ಚಿಂತೆ ಬೇಡ," ಎಂದರು ಶಿವಮೂರ್ತಪ್ಪ. "ಟೇಪು ಇಲ್ಲದಿದ್ದರೇನು? ನಾನಿದ್ದೇನೆ! ನಾಳೆ ವೇದಿಕೆಯ ಮೇಲೆ ವೀರಭದ್ರನ ಮಾತನ್ನು ನಾನೇ ಹೇಳುತ್ತೇನೆ. ಹೇಗಿದ್ದರೂ ಆ ಹಳೆಯ ಮೆಷಿನ್ನು ನಡುವೆ ಕೈಕೊಡುತ್ತಿತ್ತು."

ಜಗದಾಂಬಮ್ಮ ಅವರನ್ನೇ ನೋಡಿದರು. ತುಟಿಯ ಮೂಲೆಯಲ್ಲಿ ನಗುವಿನಂಥದ್ದೇನೋ ಮಿಂಚಿ ಹೋಯಿತು.

* * *

ಸಂಜೆ ನಾಲ್ಕು ಗಂಟೆಗೆ ತೃಪ್ತಿ ಚಹಾ ತೆಗೆದುಕೊಂಡು ಹೋದಾಗ ಜಗದಾಂಬಮ್ಮ ನಾಳೆಯ ಮಾತುಗಳನ್ನು ಬರೆಯುತ್ತಿದ್ದರು. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಹಿಂದೆ ಖಾಲಿ ಬಿಟ್ಟು, ಕೆಳಗಿನ ಬಲ ಮೂಲೆಯನ್ನು ಬೆರಳಿನಿಂದ ಚಿಕ್ಕದಾಗಿ ಮಡಚಿ ಇಡುತ್ತಿದ್ದರು. ಪ್ರತಿ ಹಾಳೆಗೂ ಹಾಗೇ.

"ಮೂಲೆ ಯಾಕಮ್ಮಾ ಮಡಚ್ತೀರಿ?"

"ಇದಾ? ಕೈಗೆ ಹತ್ತಿದ ಚಟ. ಮೈಕಿನ ಮುಂದ ಕಾಗದ ಸರ್ ಅಂತು ಅಂದ್ರ, ಕೇಳೋರಿಗೆ ಛಾವಣಿ ಬಿದ್ದಂಗ ಕೇಳತೈತಿ. ಮೂಲೆ ಮಡಚಿದ್ರ ಒಂದೇ ಬೆರಳಿಗೆ ಹಾಳೆ ಸಿಗತೈತಿ. ಸದ್ದಿಲ್ಲದಂಗ ಎತ್ತಬೇಕು, ಸದ್ದಿಲ್ಲದಂಗ ಹಿಂದಕ್ಕ ಸರಿಸಬೇಕು. ಹೊಳ್ಳಿಸೋ ಹಂಗಿಲ್ಲ, ಅದಕ್ಕ ಒಂದೇ ಮಗ್ಗುಲು ಬರಿಯೋದು. ಬಂದವರಿಗೆಲ್ಲಾ ಮೊದಲು ಕಲಿಸ್ತಿದ್ದುದೇ ಇದು. ಮಾತು ಆಮೇಲೆ."

ತೃಪ್ತಿಯ ಕೈಯಲ್ಲಿದ್ದ ತಟ್ಟೆಯ ಮೇಲೆ ಲೋಟ ಟಣ್ ಎಂದಿತು.

ಡಬ್ಬಿಯಲ್ಲಿ ಸಿಕ್ಕ ಕಾಗದ. ಒಂದು ಹಾಳೆಗೆ ಆಗುವಷ್ಟು ಮಾತು, ಎರಡು ಹಾಳೆಯಲ್ಲಿ. ಒಂದೇ ಮಗ್ಗುಲು. ಎರಡಕ್ಕೂ ಕೆಳಗಿನ ಬಲ ಮೂಲೆ ಮಡಚಿತ್ತು.

ಅವಳಿಗೆ ಮೊದಲು ಬಂದ ಯೋಚನೆ ಅವಳಿಗೇ ನಾಚಿಕೆ ತಂದಿತು. ಮನೆಯಲ್ಲೇ ಇದ್ದವರು, ಕುರ್ಚಿಯಲ್ಲಿ ಒಬ್ಬರೇ ಇದ್ದವರು, ಯಾವ ಪ್ರಾಣಿಯ ದನಿಯನ್ನಾದರೂ ಮಾಡಬಲ್ಲವರು. ಹೇಳಬಾರದೆಂದುಕೊಂಡರೂ ಮುಖ ಹೇಳಿತು.

ಜಗದಾಂಬಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ಗೊಳ್ಳನೆ ನಕ್ಕರು.

"ಅಯ್ಯೋ ಹುಡುಗಿ! ನಾನೇ ಕದ್ದೀನಿ ಅಂತೀಯೇನ?"

"ಅಲ್ಲಮ್ಮ... ನಿಮ್ಗೆ ನಿಮ್ಮ ದನಿ ಕೇಳೋಕೆ ಹೆದ್ರಿಕೆ ಆಯ್ತೇನೋ ಅಂತ..."

"ಹೆದ್ರಿಕಿ ಐತಿ," ಎಂದರು ಅವರು. ನಗು ನಿಂತಿತ್ತು. "ಜನ ಹೊಗಳಿದ್ದೆಲ್ಲಾ ಸುಳ್ಳಾಗಿದ್ರ? ಬರೀ ಕಿರುಚಿದ್ದು ಆಗಿದ್ರ? ಅದು ಗೊತ್ತಾಗದಂಗ ಸಾಯಬಾರದು ಅಂತನ ಬಂದೀನಿ. ಕದಿಯೋವಷ್ಟು ಹೆದ್ರಿಕಿ ಇಲ್ಲ ಬಿಡು."

* * *

ಅಷ್ಟರಲ್ಲಿ ಹುಚ್ಚರಾಯಪ್ಪ ಒಬ್ಬ ಮುದುಕನನ್ನು ಹಿಡಿದುಕೊಂಡು ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಅರ್ಧ ತಿಂದ ಬನ್ನು.

"ಸಿಕ್ಕಿಬಿದ್ದ! ಉಜ್ಜಪ್ಪ ಅಂತ, ಈಸೂರ್ನೋನು. ರೇಡಿಯೋ ನಾಟ್ಕಕ್ಕೆ ಸದ್ದು ಮಾಡ್ತಿದ್ದೋನಂತೆ. ಮಳೆ, ಗುಡುಗು, ಕುದ್ರೆ, ಎಲ್ಲಾ! ಬೆಳಿಗ್ಗೆಯಿಂದ ಇದೇ ಊರಲ್ಲಿ ತಿರುಗ್ತಾ ಇದಾನೆ. ಕರು ಕೂಗಿಸ್ದೋನು ಇವ್ನೇ!"

"ಉಜ್ಜಪ್ಪಾ!" ಜಗದಾಂಬಮ್ಮ ಎದ್ದೇ ನಿಂತರು.

"ಅಕ್ಕಾರೆ!" ಮುದುಕ ಬನ್ನು ಜೇಬಿಗಿಟ್ಟು ಕೈ ಮುಗಿದ. "ನಿಮ್ಮ ಸನ್ಮಾನ ನೋಡಾಣ ಅಂತ ಬಂದೆ. ಈ ಪೊಲೀಸಪ್ಪ ಚಾ ಕುಡಿಯಾಕೂ ಬಿಡಲಿಲ್ಲ."

"ಕರು ಯಾಕೆ ಕೂಗಿಸ್ದೆ?" ಎಂದ ಹುಚ್ಚರಾಯಪ್ಪ.

ಉಜ್ಜಪ್ಪನಿಗೆ ನಿಜಕ್ಕೂ ಅವಮಾನವಾಯಿತು. ಚೀಲದಿಂದ ಎರಡು ತೆಂಗಿನ ಕರಟ ತೆಗೆದ. ನೆಲದ ಮೇಲೆ ಆಡಿಸಿದ. ನಡುಮನೆಯಲ್ಲಿ ಕುದುರೆ ನಡೆಯಿತು, ಓಡಿತು, ಮುಗ್ಗರಿಸಿತು, ನಿಂತಿತು. ತಿಮ್ಮಮ್ಮ ಬಾಗಿಲಿಗೆ ಬಂದು ಬಾಯಿ ತೆರೆದು ನೋಡಿದಳು.

"ಇದು ನನ್ನ ಕೆಲಸ. ಕೈಯಾಗಿನ ಸದ್ದು ನಂದು, ಬಾಯಾಗಿನ ಸದ್ದು ಪಾತ್ರದೋರ್ದು. ಅದು ನಮ್ಮ ಕಟ್ಟಳೆ. ನಾಯಿ, ಬೆಕ್ಕು, ಕರು, ತೊಟ್ಟಿಲ ಕೂಸು, ಇವನ್ನೆಲ್ಲಾ ಪಾತ್ರ ಅಂತ್ಲೇ ಕೊಡ್ತಿದ್ರು. ನಾನು ಒಂದಿನ ಬಾಯಿ ಹಾಕಿದೋನಲ್ಲ."

ತೃಪ್ತಿ ಕೇಳಿದಳು. "ತಾತಾ, ನೀವೂ ನಾಟಕದ ಹಾಳೆಗಳ ಮೂಲೆ ಮಡಚ್ತಿದ್ರಾ?"

"ಎರಡೂ ಕೈಯಾಗೆ ಕರಟ ಇರೋನು ಹಾಳೆ ಎಲ್ಲಿ ಹಿಡೀಲವ್ವ? ನನ್ನವನ್ನ ಗೋಡೆಗೆ ಅಂಟಿಸ್ತಿದ್ರು."

"'ಕೊಟ್ಟಿಗೆಯ ದೀಪ'ದಲ್ಲಿ ಕರು ಇತ್ತಾ?"

"ಇತ್ತು. ಗೌರಿ ಅಂತ. ಎರಡು ಕಡೆ ಕೂಗ್ತಿತ್ತು."

"ಯಾರು ಮಾಡಿದ್ದು?"

ಉಜ್ಜಪ್ಪ ಬಾಯಿ ತೆರೆದ. ಜಗದಾಂಬಮ್ಮನ ಕಡೆ ನೋಡಿದ. ಮುಚ್ಚಿದ.

"ನಾನು ಹೇಳಂಗಿಲ್ಲ. ಅಕ್ಕಾರ್ನ ಕೇಳ್ರಿ."

"ನಾನೂ ಹೇಳಂಗಿಲ್ಲ," ಎಂದರು ಜಗದಾಂಬಮ್ಮ. "ಒಬ್ಬರಿಗೆ ಮಾತು ಕೊಟ್ಟೀನಿ. ಮೂವತ್ತೊಂದು ವರ್ಷ ಇಟ್ಕೊಂಡ ಮಾತು, ಟೇಪಿನ ಸಲುವಾಗಿ ಮುರಿಯಾಕ ಬರೂದಿಲ್ಲ."

ಹುಚ್ಚರಾಯಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ಎಂಥ ಕೇಸಪ್ಪ ಇದು! ಕರುವಿನ ಹೆಸ್ರು ಹೇಳೋಕೆ ಸಾಕ್ಷಿಗಳೇ ಇಲ್ಲ."

ತೃಪ್ತಿಗೆ ಆಗ ಗೊತ್ತಾಯಿತು. ಮಧ್ಯಾಹ್ನ ವಿಚಿತ್ರವೆನಿಸಿದ್ದು ಏನೆಂದು ಈಗ ಹೊಳೆಯಿತು. ಶಿವಮೂರ್ತಪ್ಪ ಮೊದಲ ಹಾಳೆಯನ್ನು ಹಿಂದಕ್ಕೆ ಸರಿಸಿದಾಗ ಕಾಗದ ಸದ್ದೇ ಮಾಡಿರಲಿಲ್ಲ.

ಗೊತ್ತಾಯಿತು, ಸರಿ. ಆದರೆ ಊರಿನ ದೊಡ್ಡ ಮನುಷ್ಯ, ಅಪ್ಪನ ವಯಸ್ಸಿನವರು. ಅವರ ಎದುರು ನಿಂತು 'ನೀವೇ ಕಳ್ಳರು' ಎನ್ನುವುದು ಹೇಗೆ? ಬಹಳ ಹೊತ್ತು ಹಿತ್ತಿಲಲ್ಲಿ ಕರುವಿನ ತಲೆ ನೇವರಿಸುತ್ತ ಕುಳಿತಳು. ಆಮೇಲೆ ಒಳಗೆ ಹೋಗಿ ಜಗದಾಂಬಮ್ಮನ ಕಿವಿಯಲ್ಲಿ ಹೇಳಿದಳು.

"ನೀವು ಏನೂ ಹೇಳ್ಬೇಡಿ ಅಮ್ಮಾ. ನಾಟಕ ಮಾಡಿ ಸಾಕು."

* * *

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಪ್ರಸಾದರ ಮನೆಯ ಜಗಲಿಯಲ್ಲಿ ಉಪ್ಪಿಟ್ಟು ಮುಗಿದು ಚಹಾ ಬಂದಿತ್ತು. ಶಿವಮೂರ್ತಪ್ಪ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಬಂದಿದ್ದರು. ಉಜ್ಜಪ್ಪ ಕಂಬಕ್ಕೆ ಒರಗಿದ್ದ. ಹುಚ್ಚರಾಯಪ್ಪ ಮೆಟ್ಟಿಲ ಮೇಲಿದ್ದ.

"ಟೇಪ್ ಅಂತೂ ಇಲ್ಲ," ಎಂದಳು ತೃಪ್ತಿ, ನೆಲ ನೋಡುತ್ತ. "ಹಿರಿಯರೇ ಒಂದು ದೃಶ್ಯ ಮಾಡಿ ತೋರಿಸಿದ್ರೆ... ಕೊಟ್ಟಿಗೇದು... ಈಗ ಒಂದ್ಸಲ ನೋಡ್ಬಹುದಾ?"

"ಧಾರಾಳವಾಗಿ!" ಶಿವಮೂರ್ತಪ್ಪ ಗಂಟಲು ಸರಿಮಾಡಿಕೊಂಡರು. "ವೀರಭದ್ರನ ಪ್ರವೇಶ ಎಲ್ಲಿ, ಅಮ್ಮಾ?"

"ಬರತೈತಿ ಬಿಡಪ್ಪ. ನಾ ಶುರು ಮಾಡ್ತೀನಿ."

ಜಗದಾಂಬಮ್ಮ ಎದ್ದು ನಿಂತರು. ಕೈಬಳೆಗಳನ್ನು ಮೇಲಕ್ಕೆ ಸರಿಸಿ ಸೆರಗಿನಿಂದ ಬಿಗಿದರು. ಕಣ್ಣು ಮುಚ್ಚಿದರು. ಅರವತ್ಮೂರರ ಮುದುಕಿ ಅಲ್ಲೇ ಕರಗಿಹೋಗಿ, ಕತ್ತಲೆಯ ಕೊಟ್ಟಿಗೆಯಲ್ಲಿ ತಡವರಿಸುವ ಮೂವತ್ತರ ಹೆಂಗಸು ಬಂದು ನಿಂತಳು.

"ಗೌರೀ... ಏ ಗೌರೀ... ಎಲ್ಲಿ ಅದೀಯ ನನ್ನವ್ವ? ಕತ್ತಲಾಗೆ ಏನೂ ಕಾಣವಲ್ದು. ಒಂದ್ಸಲ ಕೂಗ, ನನ್ನ ಬಂಗಾರಾ..."

ಬಲಗೈ ತೋರುಬೆರಳು ಮೇಲೆದ್ದಿತು. ಗಾಳಿಯನ್ನು ಚುಚ್ಚಿ ನಿಂತಿತು. ಮೈಕಿನ ಮುಂದೆ 'ಈಗ ನೀನು' ಎನ್ನುವ ಸನ್ನೆ.

ನಿಶ್ಶಬ್ದ.

ಒಂದು ಸೆಕೆಂಡು. ಎರಡು. ಉಜ್ಜಪ್ಪನ ಬೆರಳುಗಳು ಕರಟ ಹುಡುಕಿ ಒದ್ದಾಡಿದವು. ಮೂರು. ನೇರ ಪ್ರಸಾರದಲ್ಲಿ ಮೂರು ಸೆಕೆಂಡು ಮೌನವೆಂದರೆ ಊರೂರಲ್ಲಿ ಜನ ರೇಡಿಯೋ ಕಿವಿ ಹಿಂಡುತ್ತಾರೆ. ನಾಲ್ಕು. ಬೆರಳು ಇಳಿಯಲಿಲ್ಲ. ಶಿವಮೂರ್ತಪ್ಪನ ಹಣೆಯಲ್ಲಿ ಬೆವರು ಮೂಡಿತು. ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು...

"ಅಂಬಾ...!"

ಹಿತ್ತಿಲಿನಿಂದ ಹಸು ಕೂಡಲೇ ಓಗೊಟ್ಟಿತು. ಒಳಗಿನಿಂದ ತಿಮ್ಮಮ್ಮ ಸೌಟು ಸಮೇತ ಓಡಿಬಂದಳು.

"ಇದೇ! ನಿನ್ನೆ ಕೂಗಿದ್ದು ಇದೇ ಕರು! ಎಲ್ಲೈತೆ ಅದು?"

ಎಲ್ಲರೂ ಶಿವಮೂರ್ತಪ್ಪನನ್ನು ನೋಡುತ್ತಿದ್ದರು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು.

* * *

"ಅದು ಹೆಂಗೆ ಗೊತ್ತಾಯ್ತು ನಿಂಗೆ?" ಹುಚ್ಚರಾಯಪ್ಪ ನೋಟ್‌ಬುಕ್ ತೆಗೆದ.

ತೃಪ್ತಿ ಈಗಲೂ ನೆಲವನ್ನೇ ನೋಡುತ್ತ ಹೇಳಿದಳು. ಆದರೆ ದನಿ ನಡುಗಲಿಲ್ಲ.

"ಕಾಗದದ ಮೂಲೆ ಮಡಚಿತ್ತು. ಅಂದ್ರೆ ಬರೆದೋರು ರೇಡಿಯೋದಲ್ಲಿ ಹಾಳೆ ಹಿಡಿದು ಓದಿದೋರು. ಈ ಊರಲ್ಲಿ ನಿನ್ನೆ ರೇಡಿಯೋದೋರು ಮೂರೇ ಜನ. ಉಜ್ಜಪ್ಪ ತಾತ ಹಾಳೆ ಹಿಡಿದೋರಲ್ಲ, ಬಾಯಿಂದ ಸದ್ದು ಮಾಡೋರೂ ಅಲ್ಲ. ಅಮ್ಮನ್ನ ನಾನೂ ಅನುಮಾನಿಸ್ದೆ, ಆದ್ರೆ ಅಮ್ಮ ಆ ಟೇಪಿಗಾಗೇ ಬಂದೋರು. ಉಳಿದೋರು ಒಬ್ರೇ. ಅವ್ರು ಕಾಗದ ಓದ್ದಾಗ ಹಾಳೆ ಸದ್ದು ಮಾಡ್ಲಿಲ್ಲ. ವೀರಭದ್ರ ಆಗಿದ್ರೆ ಅವ್ರಿಗೆ ಟೇಪ್ ಕೇಳ್ಸೋ ಆಸೆ ಇರ್ಬೇಕಿತ್ತು. ಕೇಳ್ಸೋಕೆ ಹೆದರಿದ್ರು ಅಂದ್ರೆ, ಅದರಲ್ಲಿ ಅವ್ರು ವೀರಭದ್ರ ಅಲ್ಲ. ಕರು ಕೂಗಿದ್ದೂ, ಟೇಪ್ ಹೋಗಿದ್ದೂ ಒಂದೇ ಹೊತ್ತಿಗೆ. ಹಂಗಾಗಿ..."

"ಹಂಗಾಗಿ ನಾನು ಕರು," ಎಂದರು ಶಿವಮೂರ್ತಪ್ಪ.

ಗಂಟೆಯಂಥ ಕಂಠ ಎಲ್ಲಿ ಹೋಯಿತೋ. ಈಗ ಮಾತಾಡಿದ್ದು ಬರೀ ಸೊರಬದ ಜವಳಿ ಅಂಗಡಿಯವರು.

"ಹದಿನೆಂಟು ಹಾಳೆ ಕೈಯಲ್ಲಿ ಹಿಡ್ಕೊಂಡು ಮುಕ್ಕಾಲು ಗಂಟೆ ನಿಂತಿದ್ದೆ ಕಣ್ರೀ. ಎರಡು ಅಂಬಾ ಅನ್ನೋಕೆ. ನಾನು ಊರಿಗೆ ಬರೋದ್ರೊಳಗೆ ನಮ್ಮಪ್ಪ ಎಲ್ರಿಗೂ ಹೇಳ್ಬಿಟ್ಟಿದ್ದ, ನನ್ಮಗನೇ ಹೀರೋ ಅಂತ. ಬಸ್ ಇಳಿಯೋ ಹೊತ್ತಿಗೆ ಹಾರ! ವಾಲಗ! ಅಪ್ಪನ ಮುಖ ನೋಡ್ದೆ. ಇಲ್ಲ ಅನ್ನೋಕಾಗ್ಲಿಲ್ಲ. ಯಾರಿಗೂ ಹೇಳ್ಬೇಡಿ ಅಂತ ಉಜ್ಜಪ್ಪನ ಕೈಲಿ ಅಮ್ಮಂಗೆ ಹೇಳಿ ಕಳಿಸಿ ಮಾತು ತಗೊಂಡೆ. ಆಮೇಲೆ ಇಲ್ಲ ಅನ್ನೋಕೆ ದಿನವೇ ಸಿಗ್ಲಿಲ್ಲ. ಈಗ ಮೊಮ್ಮಗಳು ಸ್ಕೂಲಲ್ಲಿ ಹೇಳ್ಕೊಂಡು ತಿರುಗ್ತಾಳೆ."

"ಊರೆಲ್ಲ ನಾಟಕ ಕೇಳಿತ್ತಲ್ಲ, ಹೆಸರು ಓದಿರ್ಬೇಕಲ್ಲ?" ಎಂದರು ಪ್ರಸಾದ್.

ಉತ್ತರ ಕೊಟ್ಟವಳು ತಿಮ್ಮಮ್ಮ. "ಹೆಸ್ರು ಯಾರು ಕೇಳ್ತಿದ್ರು ತಮ್ಮಾ? ಪಂಚಾಯ್ತಿ ರೇಡಿಯೋ. ಬ್ಯಾಟ್ರಿ ಉಳೀಲಿ ಅಂತ ಕೊನೇ ಮಾತು ಮುಗಿಯೋದೇ ತಡ, ಬಂದ್ ಮಾಡೋರು. ನಿಮ್ಮಪ್ಪನ ಮೆಷಿನ್ನಿಗೆ ಕರೆಂಟು, ಅದು ಕೊನೇತನ್ಕ ಕೇಳಿರಬೇಕು."

"ಟೇಪ್ ಏನು ಮಾಡ್ದೆ?" ಎಂದ ಹುಚ್ಚರಾಯಪ್ಪ. "ಸುಟ್ಯಾ?"

"ಛೆ ಛೆ!" ಶಿವಮೂರ್ತಪ್ಪ ತಲೆಯೆತ್ತಿದರು. "ಕೆರೆಗೆ ಹಾಕೋಣ ಅಂತ ಹೋಗಿದ್ದೆ. ಆಗ್ಲಿಲ್ಲ. ಅದ್ರಲ್ಲಿ ಅಮ್ಮನ ದನಿ ಇದೆ. ನಂದೂ ಇದೆಯಲ್ಲ! ಅಂಗಡೀಲಿ ಹೊಸ ರೇಷ್ಮೆ ರವಿಕೆ ಕಣದಲ್ಲಿ ಸುತ್ತಿ ಇಟ್ಟಿದೀನಿ."

"ಕಳವಿನ ಕೇಸು," ಎಂದು ಹುಚ್ಚರಾಯಪ್ಪ ಬರೆಯತೊಡಗಿದ.

"ಯಾರ ಮ್ಯಾಲೆ? ಕರುವಿನ ಮ್ಯಾಲೆ ಕೇಸ್ ಹಾಕ್ತೀಯೇನಪ್ಪ?" ಜಗದಾಂಬಮ್ಮ ಅವನ ಪೆನ್ನಿಗೆ ಅಡ್ಡ ಕೈಯಿಟ್ಟರು. ಆಮೇಲೆ ಶಿವಮೂರ್ತಪ್ಪನ ಕಡೆ ತಿರುಗಿದರು. "ಏ ಹುಚ್ಚಾ, ನಿನಗ ನೆನಪಿಲ್ಲೇನು? ಆವತ್ತು ಹನ್ನೆರಡನೇ ಹಾಳೆ ನನ್ನ ಕೈಯಿಂದ ಜಾರಿ ಕೆಳಗ ಬಿತ್ತು. ಮುಂದ ಏನು ಹೇಳಬೇಕು, ಒಂದಕ್ಷರ ಹೊಳೀಲಿಲ್ಲ. ಎದಿ ನಿಂತಂಗಾತು. ಎಲ್ಲೂ ಬರೆದಿಲ್ಲದ ಮೂರನೇ ಅಂಬಾ ಯಾರು ಕೂಗಿದ್ರು? ಆ ಕೂಗಿಗೆ ನಾ ಕರೂನ ಮಾತಾಡಿಸ್ಕೊಂತ, ಬಗ್ಗಿ ಹಾಳೆ ಎತ್ತಿಕೊಂಡೆ. ಆವತ್ತು ನನ್ನ ಉಳಿಸಿದ್ದು ವೀರಭದ್ರ ಅಲ್ಲಪ್ಪ."

ಶಿವಮೂರ್ತಪ್ಪನ ಕಣ್ಣು ತುಂಬಿತು. "ಅದು ನಿಮ್ಗೆ ಗೊತ್ತಾಗಿತ್ತಾ ಅಮ್ಮಾ? ನಾನು ಬೈಸ್ಕೊಂತೀನಿ ಅಂತ ಹೆದ್ರಿ ಓಡಿಬಿಟ್ಟಿದ್ದೆ."

"ಅದಕ್ಕ ಹೇಳಾಕ ಆಗಲಿಲ್ಲ. ಇವತ್ತು ಹೇಳ್ತೀನಿ. ಹೋಗು, ಟೇಪ್ ತಗೊಂಡು ಬಾ. ಮೂರು ಗಂಟೆಗೆ ನಾಟಕ ಐತಿ."

* * *

ಸಭಾಭವನ ತುಂಬಿ ಕಿಟಕಿಗಳಲ್ಲೂ ಜನ. ಪ್ರಸಾದರು ಮೆಲ್ಲಗೆ ಟೇಪು ಏರಿಸಿದರು. ಮೊದಲು ಸರ್ರೆಂಬ ಸದ್ದು. ಆಮೇಲೆ ಯಾರೋ ಕೆಮ್ಮಿದರು.

"ನಮ್ಮಪ್ಪ!" ಎಂದರು ಪ್ರಸಾದ್, ಮೈಕು ಹತ್ತಿರವಿದೆ ಎಂಬುದನ್ನು ಮರೆತು. "ರೇಡಿಯೋ ಎದುರು ಕೂತ್ಕೊಂಡು ಕೆಮ್ತಾ ಇದಾರೆ!" ಸಭೆ ನಕ್ಕಿತು, ಅವರೂ ಕಣ್ಣೊರೆಸಿಕೊಂಡು ನಕ್ಕರು.

ನಾಟಕ ಶುರುವಾಯಿತು. ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಅದು ಉಜ್ಜಪ್ಪನ ಕೈ. ಒಂದು ಹೆಣ್ಣುದನಿ ಕತ್ತಲಲ್ಲಿ ಕರೆಯಿತು. ಜೇನಿನಂಥದ್ದಲ್ಲ, ಕೊಂಚ ಒರಟು. ಬೆನ್ನು ಬಾಗಿದ್ದು, ಕೈಯಲ್ಲಿ ದೀಪ ಇರುವುದು, ಹೆದರಿಕೆ ಮುಚ್ಚಿಟ್ಟದ್ದು, ಎಲ್ಲ ಕಾಣುವಂಥ ದನಿ.

ಜಗದಾಂಬಮ್ಮ ತೃಪ್ತಿಯ ತೋಳು ಹಿಡಿದರು.

"ಯಾರ ಇಕಿ? ಭಾಳ ಚಲೋ ಮಾಡ್ತಾಳಲ್ಲ!"

ತಮಾಷೆಯೆಂದುಕೊಂಡು ತೃಪ್ತಿ ತಿರುಗಿದಳು. ತಮಾಷೆಯಲ್ಲ. ಅವರ ಕಣ್ಣು ಅಗಲವಾಗಿತ್ತು, ತುಟಿ ಸದ್ದಿಲ್ಲದೆ ಪ್ರತಿ ಮಾತಿನ ಜೊತೆಗೂ ಓಡುತ್ತಿತ್ತು.

ಮೂರನೆಯ ಅಂಬಾ ಬಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರೇ ಎದ್ದು ನಿಂತು ಮೊದಲೇ ಎಲ್ಲ ಹೇಳಿಬಿಟ್ಟಿದ್ದರು. ಕೊನೆಯಲ್ಲಿ ಉದ್ಘೋಷಕನ ದನಿ ಪಾತ್ರಗಳ ಹೆಸರು ಓದಿತು. 'ಗಂಗವ್ವ: ಜಗದಾಂಬ...' ಕಡೆಗೆ, 'ಕರು: ಶಿವಮೂರ್ತಪ್ಪ, ಸೊರಬ.' ಮೊದಲ ಸಾಲಿನಲ್ಲಿದ್ದ ಮೊಮ್ಮಗಳು ಕುರ್ಚಿಯ ಮೇಲೆ ಹತ್ತಿ ಕಿರುಚಿದಳು. "ನಮ್ಮಜ್ಜ! ಅದು ನಮ್ಮಜ್ಜ!" ಹೀರೋಗಿಂತ ಕರು ಅವಳಿಗೆ ಹೆಚ್ಚು ಇಷ್ಟವಾಗಿತ್ತು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕಾದು ನಿಂತಿದ್ದವು. ಜಗದಾಂಬಮ್ಮ ಅವನ್ನು ನೋಡಲೇ ಇಲ್ಲ. ಮೈಕಿನ ಮುಂದೆ ಬಂದು ನಿಂತು, ಬರೆದು ತಂದ ಮಾತನ್ನೆಲ್ಲ ಕುರ್ಚಿಯಲ್ಲೇ ಬಿಟ್ಟು, ಒಂದೇ ಮಾತು ಆಡಿದರು.

"ಪ್ರಸಾದಪ್ಪ, ಇನ್ನೊಮ್ಮೆ ಹಾಕು. ಮೊದಲನೇ ಸಲ ಬರೀ ನನ್ನ ತಪ್ಪು ಹುಡುಕಿದೆ. ಈ ಸಲ ನಾಟಕ ಕೇಳ್ತೀನಿ."

ಹೊರಗೆ ಶಿಕಾರಿಪುರದ ಐದೂವರೆ ಬಸ್ಸು ಹಾರ್ನ್ ಹೊಡೆಯಿತು. ಎರಡು ಸಲ, ಮೂರು ಸಲ ಹೊಡೆಯಿತು. ಅದಕ್ಕೆ ಹೋಗಬೇಕಾದವರು ಒಬ್ಬರೂ ಏಳಲಿಲ್ಲ. ಆಮೇಲೆ ಕಂಡಕ್ಟರ್ ಒಳಗೆ ಬಂದು ನೋಡಿದ. ಬಾಗಿಲ ಬಳಿ ಒಂದು ನಿಮಿಷ ನಿಂತ. ಹೊರಗೆ ಹೋಗಿ ಡ್ರೈವರನ್ನೂ ಕರೆದುಕೊಂಡು ಬಂದ.